ಅಪರಾಧಶಾಸ್ತ್ರ, ಸಾಮಾಜಿಕ ನೀತಿ ಓದಬೇಕೆಂದಿದ್ದೀರಾ? ಶಿರಸಿ–ಕಾರವಾರದ ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ನಾನು ಪಿಯುಸಿ ಓದುತ್ತಿದ್ದಾಗ ಪಕ್ಕದ ಮನೆಯ ಅಂಗಳದಿಂದ ಒಂದು ರಾತ್ರಿ ಅಡಿಕೆ ಕಳುವಾಯಿತು. ನಮ್ಮೂರು ಶಿರಸಿ ಪೇಟೆಯಿಂದ ಒಳಗೆ, ತೋಟಗಳ ನಡುವೆ ಮೂರೇ ಮನೆಗಳ ಕೇರಿ. ಆ ಮನೆಯಲ್ಲಿ ಇದ್ದದ್ದು ಅಜ್ಜ, ಅಜ್ಜಿ ಇಬ್ಬರೇ. ಬೆಳಿಗ್ಗೆ ಪೊಲೀಸರು ಬಂದರು, ಮಹಜರು ಬರೆದರು, ಹೋದರು. ಊರಲ್ಲಿ ಎಲ್ಲರೂ ಕೇಳಿದ್ದು ಒಂದೇ: ಕದ್ದದ್ದು ಯಾರು? ನನ್ನ ತಲೆಯಲ್ಲಿ ಬೇರೆ ಪ್ರಶ್ನೆಗಳಿದ್ದವು. ಈ ಮನೆಯೇ ಯಾಕೆ? ಈ ತಿಂಗಳೇ ಯಾಕೆ? ಮೊದಲೆಲ್ಲ ಅಂಗಳದಲ್ಲೇ ಬಿದ್ದಿರುತ್ತಿದ್ದ ಅಡಿಕೆಗೆ ಈಗ ಯಾಕೆ ಕಾವಲು ಬೇಕು?

ಈ ಪ್ರಶ್ನೆಗಳನ್ನೇ ಕೇಳುವ ಒಂದು ಓದು ಇದೆ ಅಂತ ನನಗೆ ತಿಳಿದದ್ದು ಬಿಎ ಕೊನೇ ವರ್ಷದಲ್ಲಿ. ನಿಮಗೆ ಅಷ್ಟು ತಡವಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಹಂತ 1: ಏನು ಓದುತ್ತೀರಿ ಅಂತ ಮೊದಲು ತಿಳಿದುಕೊಳ್ಳಿ

ಅಪರಾಧಶಾಸ್ತ್ರ ಅಂದ ಕೂಡಲೇ ಮನೆಯವರು "ಪೊಲೀಸ್ ಆಗ್ತೀಯಾ?" ಅಂತ ಕೇಳುತ್ತಾರೆ. ಇಲ್ಲಿ ಮೂರು ಬೇರೆ ಬೇರೆ ಓದುಗಳು ಒಂದರೊಳಗೊಂದು ಬೆರೆತುಹೋಗಿವೆ. ಯಾವುದು ಅಪರಾಧ, ಅದಕ್ಕೆ ಎಷ್ಟು ಶಿಕ್ಷೆ ಎಂದು ಹೇಳುವುದು ಕಾನೂನು. ಬೆರಳಚ್ಚು, ರಕ್ತ, ಮೊಬೈಲ್ ಇಂಥದ್ದರಿಂದ ಸಾಕ್ಷ್ಯ ಹುಡುಕುವುದು ವಿಧಿವಿಜ್ಞಾನ, ಅಂದರೆ ಫೊರೆನ್ಸಿಕ್. ಅಪರಾಧ ಯಾಕೆ ಆಗುತ್ತದೆ, ಎಲ್ಲಿ ಜಾಸ್ತಿ ಆಗುತ್ತದೆ, ಶಿಕ್ಷೆಯಿಂದ ಏನಾದರೂ ಬದಲಾಗುತ್ತದಾ, ನೊಂದವರಿಗೆ ಏನು ಸಿಗುತ್ತದೆ ಎಂದು ಕೇಳುವುದು ಅಪರಾಧಶಾಸ್ತ್ರ.

ಸಾಮಾಜಿಕ ನೀತಿ ಅಂದರೆ ಪಡಿತರ, ಪಿಂಚಣಿ, ಆಸ್ಪತ್ರೆ, ಶಾಲೆ, ಮನೆ, ಪುನರ್ವಸತಿ ಇವುಗಳ ಬಗ್ಗೆ ಸರ್ಕಾರ ಮಾಡುವ ತೀರ್ಮಾನಗಳ ಓದು. ಇದು ಪಾಠದ ವಿಷಯವಾಗಿ ಗಟ್ಟಿಯಾದದ್ದು ಬ್ರಿಟನ್ನಿನಲ್ಲಿ. ಬಡತನ, ರೋಗ, ಅಜ್ಞಾನ, ಕೊಳಕು ವಸತಿ, ನಿರುದ್ಯೋಗ ಈ ಐದನ್ನು ದೊಡ್ಡ ಶತ್ರುಗಳೆಂದು ಕರೆದ ಬೆವರಿಜ್ ವರದಿ ಅಲ್ಲಿ 1942ರಲ್ಲಿ ಬಂತು. ಅಲ್ಲಿನ ಕೆಲವು ವಿಶ್ವವಿದ್ಯಾಲಯಗಳಲ್ಲಿ ಎರಡೂ ವಿಷಯ ಸೇರಿಸಿ ಒಂದೇ ಪದವಿ ಓದಬಹುದು. ನಮ್ಮಲ್ಲಿ ಹಾಗೆ ಒಂದೇ ಹೆಸರಿನ ಪದವಿ ಹುಡುಕುತ್ತಾ ಕೂರಬೇಡಿ. ಎರಡನ್ನೂ ನಾವೇ ಜೋಡಿಸಿಕೊಳ್ಳಬೇಕು. ಹೇಗೆ ಜೋಡಿಸುವುದು ಅಂತ ಹೇಳುವುದೇ ಈ ಬರಹದ ಉದ್ದೇಶ.

ಹಂತ 2: ಅರ್ಜಿ ಹಾಕುವ ಮೊದಲು ನಿಮ್ಮ ಊರನ್ನೇ ಓದಿ ನೋಡಿ

ಈ ಹಂತವನ್ನು ಯಾರೂ ಹೇಳಿಕೊಡುವುದಿಲ್ಲ. ನನ್ನ ಪ್ರಕಾರ ಇದೇ ಮುಖ್ಯ. ಈ ವಿಷಯ ನಿಮಗೆ ಹಿಡಿಸುತ್ತದೋ ಇಲ್ಲವೋ ಅಂತ ಇಲ್ಲೇ ಗೊತ್ತಾಗಿಬಿಡುತ್ತದೆ.

ಆ ಅಡಿಕೆಯನ್ನೇ ತೆಗೆದುಕೊಳ್ಳೋಣ. 1979ರಲ್ಲಿ ಲಾರೆನ್ಸ್ ಕೋಹೆನ್, ಮಾರ್ಕಸ್ ಫೆಲ್ಸನ್ ಎಂಬ ಇಬ್ಬರು ಅಮೆರಿಕದ ವಿದ್ವಾಂಸರು ಒಂದು ಸರಳ ಮಾತು ಹೇಳಿದರು. ಅಪರಾಧ ಆಗಬೇಕಾದರೆ ಮೂರು ಸಂಗತಿ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ ಸೇರಬೇಕು: ಮಾಡುವ ಮನಸ್ಸಿರುವವನು, ಕೈಗೆ ಸಿಗುವ ವಸ್ತು, ಕಾವಲು ಇಲ್ಲದ ಹೊತ್ತು. ಈಗ ನಮ್ಮ ಅಂಗಳಕ್ಕೆ ಬನ್ನಿ. ಚಾಲಿ, ಅಂದರೆ ಒಣಗಿಸಿ ಸುಲಿದ ಅಡಿಕೆ, ಮಾಡಬೇಕಾದರೆ ಹಣ್ಣಾದ ಗೋಟು ಅಡಿಕೆಯನ್ನು ಸುಮಾರು ನಲವತ್ತು ದಿನ ಬಿಸಿಲಲ್ಲಿ ಒಣಗಿಸಬೇಕು. ಅಷ್ಟು ದಿನವೂ ಮನೆಯ ವರ್ಷದ ದುಡಿಮೆ ಅಂಗಳದಲ್ಲೇ ಹರಡಿಕೊಂಡಿರುತ್ತದೆ. ಅಡಿಕೆ ಮೇಲೆ ಯಾರ ಹೆಸರೂ ಇರುವುದಿಲ್ಲ. ಚೀಲಕ್ಕೆ ತುಂಬಿದರೆ ಯಾವ ತೋಟದ್ದು ಅಂತ ಹೇಳಲು ಆಗುವುದಿಲ್ಲ. ದರ ಏರಿದ ವರ್ಷ ಒಂದು ಚೀಲಕ್ಕೂ ಒಳ್ಳೆ ದುಡ್ಡು. ಇನ್ನು ಕಾವಲು? ಮಗ ಬೆಂಗಳೂರಿನಲ್ಲಿ, ಮಗಳು ಪುಣೆಯಲ್ಲಿ. ಮೊದಲು ಹತ್ತು ಜನ ಮಲಗುತ್ತಿದ್ದ ಮನೆಯಲ್ಲಿ ಈಗ ಕಿವಿ ಮಂದವಾದ ಇಬ್ಬರು.

ಇಲ್ಲಿಂದ ಮುಂದೆ ಸಾಮಾಜಿಕ ನೀತಿ ಶುರುವಾಗುತ್ತದೆ. ಊರಲ್ಲಿ ವಯಸ್ಸಾದವರು ಮಾತ್ರ ಯಾಕೆ ಉಳಿದರು? ಅವರಿಗೆ ಏನು ಆಸರೆ ಇದೆ? ಒಕ್ಕಲು ಕಾಲದ ಕೆಲಸಕ್ಕೆ ಬರುವವರಿಗೆ ಮಳೆಗಾಲದಲ್ಲಿ ಏನು ಆದಾಯ? ಠಾಣೆಗೆ ಒಂದು ದೂರು ಬರುವ ಹೊತ್ತಿಗೆ ಅದರ ಹಿಂದೆ ಇಷ್ಟೆಲ್ಲ ನಡೆದಿರುತ್ತದೆ. ಎರಡೂ ವಿಷಯ ಒಟ್ಟಿಗೆ ಓದಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ. ಒಂದನ್ನೇ ಓದಿದರೆ ಕಳ್ಳ ಕಾಣುತ್ತಾನೆ, ಅಂಗಳ ಕಾಣುವುದಿಲ್ಲ.

ಘಟ್ಟದ ಕೆಳಗಿನವರಿಗೆ ಬೇರೆ ಉದಾಹರಣೆಗಳಿವೆ. ಕಾರವಾರದ ಬೈತಖೋಲಕ್ಕೆ ಹೋಗಿ ಜೂನ್ ತಿಂಗಳಲ್ಲಿ ನಿಂತು ನೋಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. 61 ದಿನ ಬೋಟುಗಳೆಲ್ಲ ದಕ್ಕೆಯಲ್ಲಿ. ಮೀನು ಮರಿ ಹಾಕುವ ಕಾಲ, ನಿಷೇಧ ಬೇಕೇ ಬೇಕು. ಆದರೆ ಮೇ 31ರಂದು ದುಡಿಮೆಯಾಗಿದ್ದ ಕೆಲಸ ಜೂನ್ 1ರಂದು ಕಾನೂನು ಉಲ್ಲಂಘನೆ ಆಗುತ್ತದೆ. ಆ ಎರಡು ತಿಂಗಳು ಬೋಟಿನ ಕಲಾಸಿಯ ಮನೆ ಹೇಗೆ ನಡೆಯುತ್ತದೆ ಅನ್ನುವುದು ನೀತಿಯ ಪ್ರಶ್ನೆ. ಲೈಟ್ ಫಿಶಿಂಗ್, ಅಂದರೆ ರಾತ್ರಿ ಜೋರು ದೀಪ ಹಾಕಿ ಮೀನು ಸೆಳೆದು ಹಿಡಿಯುವುದು, ಅದರ ನಿಷೇಧದ ಜಗಳವನ್ನೂ ಹೀಗೇ ಓದಬಹುದು. ಮಾಜಾಳಿ ಚೆಕ್‌ಪೋಸ್ಟ್ ಇನ್ನೊಂದು. ಗೋವಾದಲ್ಲಿ ಮದ್ಯದ ಮೇಲಿನ ತೆರಿಗೆ ಕಡಿಮೆ, ನಮ್ಮಲ್ಲಿ ಜಾಸ್ತಿ. ಗಡಿಯ ಎರಡು ಬದಿಯ ತೆರಿಗೆಯಲ್ಲಿರುವ ವ್ಯತ್ಯಾಸವೇ ಅಲ್ಲಿನ ಕಳ್ಳಸಾಗಣೆಗೆ ಲಾಭ ಕೊಡುತ್ತದೆ.

ಅಪರಾಧ ಅಂದರೆ ಬಡವರ ಕೆಲಸ ಅಂತ ಅಂದುಕೊಂಡಿದ್ದರೆ ಅಂಕೋಲಾದ ಬೇಲೇಕೇರಿಗೆ ಹೋಗಿ ಬನ್ನಿ. ಆ ಸಣ್ಣ ಬಂದರಿನಿಂದ ಹೋದ ಅಕ್ರಮ ಅದಿರಿನ ಕತೆ 2011ರ ಲೋಕಾಯುಕ್ತ ವರದಿಯಲ್ಲಿದೆ. ಎಡ್ವಿನ್ ಸದರ್‌ಲ್ಯಾಂಡ್ ಎಂಬ ಸಮಾಜಶಾಸ್ತ್ರಜ್ಞ 1939ರಲ್ಲೇ ಇಂಥದ್ದಕ್ಕೆ "ಬಿಳಿ ಕಾಲರಿನ ಅಪರಾಧ" ಅಂತ ಹೆಸರು ಕೊಟ್ಟಿದ್ದ.

ನಮ್ಮ ಜಿಲ್ಲೆಯಲ್ಲಿ ಎಲ್ಲಕ್ಕಿಂತ ದೊಡ್ಡ ಪಾಠ ಅರಣ್ಯ ಭೂಮಿಯದು. ಅದೇ ಜಾಗ, ಅದೇ ಕುಟುಂಬ, ಅದೇ ಗದ್ದೆ. ಒಂದು ಕಾನೂನಿನಲ್ಲಿ ಅದು "ಅತಿಕ್ರಮಣ", ಅಂದರೆ ಅಪರಾಧ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಅದೇ "ಹಕ್ಕು" ಆಗಬಹುದು. ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕಿಂತ ಮೊದಲೇ ಜಾಗ ತಮ್ಮ ಸ್ವಾಧೀನದಲ್ಲಿತ್ತು ಅಂತ ತೋರಿಸಿದರೆ ಸಾಕು. ಬೇರೆಯವರು ಮೂರು ತಲೆಮಾರು, ಅಂದರೆ 75 ವರ್ಷ ಆ ಕಾಡಿನ ಆಸರೆಯಲ್ಲೇ ಬದುಕಿದ್ದಕ್ಕೆ ಪುರಾವೆ ಕೊಡಬೇಕು. ನಮ್ಮ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಹಾಲಕ್ಕಿ ಒಕ್ಕಲಿಗರು ಅದೇ ಬೇಡಿಕೆಯನ್ನು ವರ್ಷಗಳಿಂದ ಇಟ್ಟಿದ್ದಾರೆ. ಪಟ್ಟಿಯಲ್ಲಿ ಹೆಸರು ಇದೆಯೋ ಇಲ್ಲವೋ ಎಂಬುದರ ಮೇಲೆ ಒಬ್ಬ ರೈತ ಹಕ್ಕುದಾರನಾಗುತ್ತಾನೆ ಅಥವಾ ಆರೋಪಿಯಾಗುತ್ತಾನೆ. ಇದನ್ನು ಓದಿ ನಿಮಗೆ ನಿದ್ದೆ ಬರಲಿಲ್ಲ ಅಂದರೆ ಈ ವಿಷಯ ನಿಮ್ಮದೇ.

ಹಂತ 3: ಯಾವ ಕೆಲಸಕ್ಕೆ ಅಂತ ಮೊದಲೇ ಕೇಳಿಕೊಳ್ಳಿ

"ಓದಿ ಎಂತ ಮಾಡ್ತೆ ತಂಗಿ?" ಅಂತ ಸಂಬಂಧಿಕರು ಕೇಳಿಯೇ ಕೇಳುತ್ತಾರೆ. ಕೇಳಲಿ, ಅದು ನ್ಯಾಯವಾದ ಪ್ರಶ್ನೆ. ಉತ್ತರದ ಮೇಲೆ ನಿಮ್ಮ ದಾರಿ ಬದಲಾಗುತ್ತದೆ.

ಪಿಎಸ್ಐ ಅಥವಾ ಕೆಎಎಸ್ ಆಗಬೇಕು ಅಂದರೆ ಯಾವ ಪದವಿಯಾದರೂ ಆಗುತ್ತದೆ. ಅಪರಾಧಶಾಸ್ತ್ರ ಓದಿದ್ದಕ್ಕೆ ಅಲ್ಲಿ ಬೇರೆ ಬಾಗಿಲು ಇಲ್ಲ, ಓದಿದ್ದು ಉಪಯೋಗಕ್ಕೆ ಬರುತ್ತದೆ ಅಷ್ಟೇ. ಪ್ರಯೋಗಾಲಯಕ್ಕೆ ಹೋಗಬೇಕು ಅಂದರೆ ಪಿಯುಸಿಯಲ್ಲೇ ವಿಜ್ಞಾನ ಬೇಕು. ಕಲಾ ವಿಭಾಗ ತೆಗೆದುಕೊಂಡು ಆಮೇಲೆ ಫೊರೆನ್ಸಿಕ್ ಎಂಎಸ್ಸಿ ಕನಸು ಕಂಡವರು ತುಂಬಾ ಜನ, ದಯವಿಟ್ಟು ಆ ತಪ್ಪು ಮಾಡಬೇಡಿ. ವಿಧಿವಿಜ್ಞಾನಕ್ಕೆ ಈಗ ಬೇಡಿಕೆ ಏರಲು ಕಾರಣವೂ ಇದೆ. 2024ರ ಜುಲೈ 1ರಂದು ಹೊಸ ಅಪರಾಧ ಕಾನೂನುಗಳು ಬಂದವು. ಏಳು ವರ್ಷ ಅಥವಾ ಹೆಚ್ಚು ಶಿಕ್ಷೆ ಇರುವ ಅಪರಾಧಗಳಲ್ಲಿ ತಜ್ಞರು ಸ್ಥಳಕ್ಕೆ ಬರಲೇಬೇಕು ಅಂತ ಅವುಗಳಲ್ಲಿ ತನಿಖೆ, ವಿಚಾರಣೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದೆ. ಇದನ್ನು ಐದು ವರ್ಷದೊಳಗೆ ಜಾರಿ ಮಾಡಲು ರಾಜ್ಯಗಳಿಗೆ ಸಮಯ ಕೊಟ್ಟಿದ್ದಾರೆ.

ಜನರ ಜೊತೆ ಕೆಲಸ ಮಾಡುವ ಮನಸ್ಸಿದ್ದರೆ ದಾರಿ ಬೇರೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಬಾಲಮಂದಿರ, ದೌರ್ಜನ್ಯಕ್ಕೆ ಒಳಗಾದ ಮಹಿಳೆಯರಿಗೆ ನೆರವಾಗುವ ಸಖಿ ಕೇಂದ್ರ, ಜೈಲಿನ ಕಲ್ಯಾಣ ಕೆಲಸ, ಜೈಲಿನ ಬದಲು ನಿಗಾದಲ್ಲಿ ಬಿಟ್ಟವರನ್ನು ನೋಡಿಕೊಳ್ಳುವ ಪ್ರೊಬೇಷನ್ ಅಧಿಕಾರಿ ಹುದ್ದೆ, ಸ್ವಯಂಸೇವಾ ಸಂಸ್ಥೆಗಳು. ಇಲ್ಲಿ ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿಗೆ ಬೆಲೆ ಜಾಸ್ತಿ. ಇವುಗಳಲ್ಲಿ ಎಷ್ಟೋ ಹುದ್ದೆಗಳು ಗುತ್ತಿಗೆಯವು, ಸಂಬಳ ಕಡಿಮೆ. ಇದನ್ನು ಮುಚ್ಚಿಟ್ಟು ನಿಮ್ಮನ್ನು ಕರೆಯುವುದು ಸರಿಯಲ್ಲ. ಕಾಲೇಜಿನಲ್ಲಿ ಪಾಠ ಮಾಡಬೇಕಾದರೆ ನೆಟ್ ಅಥವಾ ರಾಜ್ಯದ ಕೆಸೆಟ್ ಎಂಬ ಅರ್ಹತಾ ಪರೀಕ್ಷೆ ಪಾಸಾಗಿರಬೇಕು. ಯುಜಿಸಿ ನೆಟ್‌ನಲ್ಲಿ ಅಪರಾಧಶಾಸ್ತ್ರ ಪ್ರತ್ಯೇಕ ವಿಷಯ, ಅದರ ಸಂಖ್ಯೆ 68.

ಹಂತ 4: ಪದವಿ ಮತ್ತು ವಿಶ್ವವಿದ್ಯಾಲಯ ಆರಿಸಿ

ಉತ್ತರ ಕನ್ನಡದ ಪದವಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತವೆ. ಪಿಯುಸಿ ಮುಗಿದ ಕೂಡಲೇ ದೂರ ಹೋಗಲೇಬೇಕು ಅಂತಿಲ್ಲ. ಶಿರಸಿಯಲ್ಲೋ, ಕುಮಟಾದಲ್ಲೋ, ಕಾರವಾರದಲ್ಲೋ ಬಿಎ ಮಾಡಿ. ವಿಷಯ ಆರಿಸುವಾಗ ಸಮಾಜಶಾಸ್ತ್ರ ಇರಲೇಬೇಕು. ಜೊತೆಗೆ ಅರ್ಥಶಾಸ್ತ್ರ ಮತ್ತು ರಾಜ್ಯಶಾಸ್ತ್ರ ಸಿಕ್ಕರೆ ಸಾಮಾಜಿಕ ನೀತಿಗೆ ಬೇಕಾದ ಅಡಿಪಾಯ ಆಯಿತು. ಮನಃಶಾಸ್ತ್ರ ಸಿಕ್ಕರೆ ಇನ್ನೂ ಒಳ್ಳೆಯದು. 2024ರಿಂದ ರಾಜ್ಯದಲ್ಲಿ ಮತ್ತೆ ಮೂರು ವರ್ಷದ ಪದವಿ ಬಂದಿದೆ.

ಸ್ನಾತಕೋತ್ತರಕ್ಕೆ ನಮಗೆ ಹತ್ತಿರದ್ದು ಧಾರವಾಡವೇ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನ ವಿಭಾಗ ಇದೆ, ಸಮಾಜಕಾರ್ಯ ವಿಭಾಗವೂ ಇದೆ. ಅದೇ ಊರಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಇದೆ. ಕರಾವಳಿಯವರು ಕೊಂಕಣ ರೈಲು ಹತ್ತಿದರೆ ಮಂಗಳೂರು. ಅಲ್ಲಿ 1960ರಲ್ಲಿ ಶುರುವಾದ ರೋಶನಿ ನಿಲಯ ಸಮಾಜಕಾರ್ಯಕ್ಕೆ ಹಳೆಯ ಹೆಸರು, ಅಪರಾಧಶಾಸ್ತ್ರವನ್ನೂ ಕಲಿಸುತ್ತದೆ. ಮೈಸೂರು ವಿಶ್ವವಿದ್ಯಾಲಯದಲ್ಲೂ ವಿಭಾಗ ಇದೆ. ಶಿವಮೊಗ್ಗದಲ್ಲಿ ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯದ ಕ್ಯಾಂಪಸ್ ಬಂದಿದೆ.

ಇನ್ನೂ ದೂರ ಹೋಗಲು ಸಿದ್ಧರಿದ್ದರೆ ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯನ್ನು ತಪ್ಪದೇ ನೋಡಿ. 1936ರಲ್ಲಿ ಸಮಾಜಕಾರ್ಯದ ಶಾಲೆಯಾಗಿ ಶುರುವಾದದ್ದು. ಅಪರಾಧಶಾಸ್ತ್ರ ಮತ್ತು ನ್ಯಾಯಕ್ಕೆಂದೇ ಅಲ್ಲಿ ಕೇಂದ್ರ ಇದೆ. ಅಪರಾಧ ಮತ್ತು ನೀತಿ ಎರಡನ್ನೂ ಒಟ್ಟಿಗೆ ಯೋಚಿಸುವ ಜಾಗ ನಮ್ಮ ದೇಶದಲ್ಲಿ ಯಾವುದು ಅಂತ ಕೇಳಿದರೆ ನಾನು ಮೊದಲು ಹೇಳುವುದು ಇದರ ಹೆಸರನ್ನೇ. ಪ್ರವೇಶ ಸಿಯುಇಟಿ-ಪಿಜಿ ಎಂಬ ರಾಷ್ಟ್ರಮಟ್ಟದ ಪರೀಕ್ಷೆಯ ಮೂಲಕ. ನೀತಿಯ ಕಡೆಗೇ ಮನಸ್ಸು ವಾಲಿದರೆ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ 2014ರಿಂದ ಸಾರ್ವಜನಿಕ ನೀತಿಯ ಸ್ನಾತಕೋತ್ತರ ಪದವಿ ಇದೆ.

ಒಂದು ಎಚ್ಚರಿಕೆ. ನಾನು ಬಿಎ ಓದುವಾಗ ಜಾಹೀರಾತು ನೋಡಿ ಒಂದು ಆನ್‌ಲೈನ್ ಸರ್ಟಿಫಿಕೇಟ್ ಕೋರ್ಸಿಗೆ ದುಡ್ಡು ಕಟ್ಟಿದ್ದೆ. ಅಪ್ಪ ಕಾಳುಮೆಣಸು ಮಾರಿ ಕೊಟ್ಟ ದುಡ್ಡು. ಆ ಕಾಗದವನ್ನು ಎಲ್ಲಿಯೂ, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಇವತ್ತಿಗೂ ನೋವಾಗುತ್ತದೆ. ಆದ್ದರಿಂದ ಹಣ ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಿ: ಸಂಸ್ಥೆಗೆ ಯುಜಿಸಿ ಮಾನ್ಯತೆ ಇದೆಯಾ? ಕ್ಷೇತ್ರಕಾರ್ಯ ಎಷ್ಟು ವಾರ? ಕಳೆದ ವರ್ಷ ಮುಗಿಸಿದವರಲ್ಲಿ ಇಬ್ಬರ ಜೊತೆ ಮಾತಾಡಿಸುತ್ತೀರಾ? ಮೂರನೆಯದಕ್ಕೆ ಹಿಂದೆಮುಂದೆ ನೋಡಿದರೆ ಅಲ್ಲಿಂದ ಎದ್ದು ಬನ್ನಿ.

ಹಂತ 5: ಕಾಗದಪತ್ರ ಮತ್ತು ದುಡ್ಡು

ಇದು ಬೇಗ ಮುಗಿಯುವ ವಿಷಯ, ಆದರೆ ತಡ ಮಾಡಿದರೆ ಕುತ್ತು. ಫಲಿತಾಂಶ ಬರುವ ಮೊದಲೇ ನಾಡಕಚೇರಿಯಿಂದ ಜಾತಿ, ಆದಾಯ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ. ಅದರ ಮೇಲಿನ ಆರ್‌ಡಿ ಸಂಖ್ಯೆ ವಿದ್ಯಾರ್ಥಿವೇತನದ ಎಸ್ಎಸ್‌ಪಿ ಪೋರ್ಟಲ್‌ಗೆ ಬೇಕು. ಆಧಾರ್, ಬ್ಯಾಂಕ್ ಖಾತೆ, ಅಂಕಪಟ್ಟಿ ಮೂರರಲ್ಲೂ ಹೆಸರಿನ ಅಕ್ಷರ ಒಂದೇ ಇರಲಿ. ರಾಜ್ಯದ ವಿಶ್ವವಿದ್ಯಾಲಯಗಳ ಪ್ರವೇಶ ಯುಯುಸಿಎಂಎಸ್ ಎಂಬ ಪೋರ್ಟಲ್ ಮೂಲಕ ನಡೆಯುತ್ತದೆ. ಹಾಸ್ಟೆಲ್ ಅರ್ಜಿ ಬೇರೆ, ಪ್ರವೇಶದ ಅರ್ಜಿ ಬೇರೆ, ಮರೆಯಬೇಡಿ. ಹುಡುಗಿಯರಿಗೆ ಶಕ್ತಿ ಯೋಜನೆಯಿಂದ ಸಾಮಾನ್ಯ ಸಾರಿಗೆ ಬಸ್ಸಿನ ಖರ್ಚಿಲ್ಲ. ಶಿರಸಿಯಿಂದ ಧಾರವಾಡಕ್ಕೆ ತಿಂಗಳಿಗೆರಡು ಸಲ ಬಂದು ಹೋಗುವವರಿಗೆ ಅದು ಸಣ್ಣ ಉಳಿತಾಯ ಅಲ್ಲ.

ಹಂತ 6: ಓದುವ ಕ್ರಮ

ಭಾಷೆಯಿಂದ ಶುರು ಮಾಡಿ. ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿ, ಠಾಣೆ ಮತ್ತು ಕೋರ್ಟಿನ ಮಾತು ಕನ್ನಡದಲ್ಲಿ. ಅದೂ ಮಹಜರು, ಪಂಚನಾಮೆ, ಫಿರ್ಯಾದಿ, ಜಾಮೀನು ಅನ್ನುವ ಹಳೆಯ ಕಚೇರಿ ಕನ್ನಡ. ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. ಎಡಕ್ಕೆ ಪುಸ್ತಕದ ಪದ, ಬಲಕ್ಕೆ ಠಾಣೆಯ ಪದ, ಕೆಳಗೆ ನಿಮ್ಮ ಮಾತಿನಲ್ಲಿ ಅರ್ಥ. ಕನ್ನಡ ಮಾಧ್ಯಮದವರು ಹೆದರಬೇಡಿ. ಎಫ್ಐಆರ್ ಓದಲು ಕುಳಿತಾಗ ನಾವೇ ಮುಂದೆ.

ಕಾನೂನಿನಲ್ಲಿ ಹಳೆಯ ಗೈಡುಗಳನ್ನು ಕೊಳ್ಳಬೇಡಿ. 1860ರ ದಂಡ ಸಂಹಿತೆಯ 511 ಕಲಮುಗಳ ಜಾಗದಲ್ಲಿ ಈಗ ಭಾರತೀಯ ನ್ಯಾಯ ಸಂಹಿತೆಯ 358 ಕಲಮುಗಳಿವೆ. ಕೊಲೆ 302 ಇದ್ದದ್ದು 103 ಆಗಿದೆ, ವಂಚನೆಯ 420 ಈಗ 318. ಕಳ್ಳತನದ ಕಲಮು 303 ಅನ್ನು ನಿಧಾನವಾಗಿ ಓದಿ. ಕದ್ದ ಮಾಲು ಐದು ಸಾವಿರ ರೂಪಾಯಿಗಿಂತ ಕಡಿಮೆ, ಮೊದಲ ಸಲ ತಪ್ಪಿತಸ್ಥ, ಮಾಲನ್ನೋ ಅದರ ಬೆಲೆಯನ್ನೋ ಮರಳಿಸಿದ್ದಾನೆ ಅಂದರೆ ಶಿಕ್ಷೆ ಸಮುದಾಯ ಸೇವೆ. ಜೈಲಿಗೆ ಕಳಿಸುವುದೋ, ಊರಿನ ಕೆಲಸ ಮಾಡಿಸುವುದೋ? ಸಾಮಾಜಿಕ ನೀತಿಯ ದೊಡ್ಡ ಚರ್ಚೆ ಈಗ ಕಾನೂನಿನ ಒಂದು ಸಾಲಿನಲ್ಲಿ ಕೂತಿದೆ.

ಆಮೇಲೆ ಅಂಕಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ 1986ರಲ್ಲಿ ಆದದ್ದು. ಅದು ಪ್ರಕಟಿಸುವ "ಕ್ರೈಂ ಇನ್ ಇಂಡಿಯಾ" ವರದಿ 1953ರಿಂದ ಇದೆ. ಅದನ್ನು ಬಿಡಿಸುವಾಗ ಮೂರು ವಿಷಯ ನೆನಪಿರಲಿ. ಮೊದಲನೆಯದು, ಒಟ್ಟು ಸಂಖ್ಯೆ ಬೇರೆ, ದರ ಬೇರೆ. ಎರಡು ಲಕ್ಷ ಜನರ ತಾಲೂಕಿನಲ್ಲಿ 40 ಕಳ್ಳತನ, ಐವತ್ತು ಸಾವಿರ ಜನರ ತಾಲೂಕಿನಲ್ಲಿ 20 ಅಂತ ಇಟ್ಟುಕೊಳ್ಳಿ. ಲಕ್ಷಕ್ಕೆ ಲೆಕ್ಕ ಹಾಕಿದರೆ ಮೊದಲನೆಯದು 20, ಎರಡನೆಯದು 40. ಸಣ್ಣ ತಾಲೂಕಿನಲ್ಲೇ ದುಪ್ಪಟ್ಟು! ಎರಡನೆಯದು, ಒಂದು ಎಫ್ಐಆರ್‌ನಲ್ಲಿ ನಾಲ್ಕು ಅಪರಾಧ ಇದ್ದರೂ ಎಣಿಕೆಗೆ ಬರುವುದು ಅತಿ ಗಂಭೀರವಾದ ಒಂದೇ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ವರದಿಯಲ್ಲಿರುವುದು ದಾಖಲಾದ ಅಪರಾಧ ಮಾತ್ರ. ಮಹಿಳೆಯರು ಧೈರ್ಯವಾಗಿ ಠಾಣೆಗೆ ಬಂದ ವರ್ಷ ಸಂಖ್ಯೆ ಏರುತ್ತದೆ. ಆಗ ಪರಿಸ್ಥಿತಿ ಕೆಟ್ಟಿತು ಅಂತ ಬರೆದರೆ ತಪ್ಪು ಬರೆದಂತೆ, ಅಲ್ವಾ?

ಕೋರ್ಟಿಗೂ ಹೋಗಿ ಕುಳಿತುಕೊಳ್ಳಿ. ವಿಚಾರಣೆ ಸಾಮಾನ್ಯವಾಗಿ ಎಲ್ಲರಿಗೂ ತೆರೆದದ್ದು, ಅತ್ಯಾಚಾರದಂಥ ಪ್ರಕರಣಗಳನ್ನು ಬಿಟ್ಟು. ಮೊಬೈಲ್ ಸ್ವಿಚ್ ಆಫ್ ಮಾಡಿ ಹಿಂದಿನ ಬೆಂಚಿನಲ್ಲಿ ಕೂತರೆ ಯಾರೂ ಏನೂ ಅನ್ನುವುದಿಲ್ಲ. ಹತ್ತು ಪ್ರಕರಣಗಳಲ್ಲಿ ಎಷ್ಟು ಸುಮ್ನೆ ಮುಂದಕ್ಕೆ ಹೋದವು, ಯಾಕೆ ಹೋದವು ಅಂತ ಒಂದು ದಿನ ಬರೆದುಕೊಳ್ಳಿ. ಆ ಒಂದು ಪುಟ ಮುಂದೆ ತುಂಬಾ ಸಲ ಕೆಲಸಕ್ಕೆ ಬರುತ್ತದೆ.

ಹಂತ 7: ಪ್ರಾಜೆಕ್ಟು

ಎಂಎ ಕೊನೆಗೆ ಪ್ರಾಜೆಕ್ಟು ಇರುತ್ತದೆ. ವಿಷಯ ಸಣ್ಣದಿರಲಿ. "ಉತ್ತರ ಕನ್ನಡದಲ್ಲಿ ಅಪರಾಧ" ಅಂತ ಇಟ್ಟರೆ ಮುಗಿಯುವುದಿಲ್ಲ, ಹನ್ನೆರಡು ತಾಲೂಕು, ಕಡಲು, ಘಟ್ಟ, ಬಯಲುಸೀಮೆಯ ಅಂಚು ಎಲ್ಲ ಇದೆ. ಒಂದು ಠಾಣೆ, ಒಂದು ಬಗೆಯ ಅಪರಾಧ, ಮೂರು ವರ್ಷ. ಅಷ್ಟು ಸಾಕು.

ಮೊದಲು ವಿಭಾಗದಿಂದ ಪರಿಚಯ ಪತ್ರ ತೆಗೆದುಕೊಳ್ಳಿ. ಜಿಲ್ಲೆಯ ಪೊಲೀಸ್ ವರಿಷ್ಠಾಧಿಕಾರಿ ಕಚೇರಿ ಕಾರವಾರದಲ್ಲಿದೆ, ಅಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ನಾನು ಪತ್ರ ಇಲ್ಲದೇ ನೇರ ಠಾಣೆಗೆ ಹೋಗಿ ಎರಡು ವಾರ ಕಳೆದುಕೊಂಡೆ. ಆದರೆ ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್ಐಆರ್‌ಗಳನ್ನು ಪೊಲೀಸ್ ಜಾಲತಾಣದಲ್ಲಿ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ. ಬೇಕಾದದ್ದರಲ್ಲಿ ಎಷ್ಟೋ ಭಾಗ ಅಲ್ಲೇ ಸಿಗುತ್ತದೆ. ಉಳಿದದ್ದಕ್ಕೆ ಮಾಹಿತಿ ಹಕ್ಕು: ಹತ್ತು ರೂಪಾಯಿ, ಮೂವತ್ತು ದಿನ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಉದ್ದ ಬರೆದರೆ ವಾಪಸ್ ಬರಬಹುದು.

ಮಾತಾಡಿಸುವಾಗ ಯಾರ ಹೆಸರನ್ನೂ ನೋಟ್‌ಬುಕ್ಕಿನಲ್ಲಿ ಬರೆಯಬೇಡಿ. ಮನೆ ಒಂದು, ಮನೆ ಎರಡು ಅಂತ ಬರೆಯಿರಿ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ, ಪ್ರಕರಣದಲ್ಲಿರುವ ಮಕ್ಕಳ ಗುರುತು ಬಯಲು ಮಾಡುವುದು ಕಾನೂನಿನಲ್ಲೇ ಅಪರಾಧ. ನಮ್ಮೂರು ಸಣ್ಣದು. "ಹೆಗ್ಗಾರಿನ ಹತ್ತಿರ ಸೇತುವೆ ಪಕ್ಕದ ಹಂಚಿನ ಮನೆ" ಅಂದರೆ ಸಾಕು, ಎಲ್ಲರಿಗೂ ಗೊತ್ತಾಗುತ್ತದೆ. ಕಳುವಾದ ಮನೆಗೆ ಹೋದ ಕೂಡಲೇ ಪ್ರಶ್ನೆಪಟ್ಟಿ ತೆಗೆಯಬೇಡಿ. ಕವಳದ ತಬಕು ಮುಂದೆ ಬರಲಿ, ಕೊಟ್ಟ ನೀರು ಬೆಲ್ಲ ತೆಗೆದುಕೊಳ್ಳಿ, ಮಳೆ ಬೆಳೆ ಮಾತಾಡಿ. ಕಳ್ಳತನದ ಮಾತು ತಾನೇ ಬರುತ್ತದೆ. ಎಷ್ಟು ಚೀಲ ಹೋಯಿತು ಅನ್ನುವುದಕ್ಕಿಂತ ಆಮೇಲೆ ರಾತ್ರಿ ನಿದ್ದೆ ಬರುತ್ತದಾ ಅಂತ ಕೇಳಿ. ನನಗೆ ಹೆಚ್ಚು ಕಲಿಸಿದ್ದು ಆ ಪ್ರಶ್ನೆ.

ಪ್ರಾಜೆಕ್ಟು ಮುಗಿದ ಮೇಲೆ ಕನ್ನಡದಲ್ಲಿ ಎರಡು ಪುಟ ಬರೆದು ಮಾತಾಡಿದ ಮನೆಗಳಿಗೆಲ್ಲ ಕೊಟ್ಟು ಬನ್ನಿ. ನಾನು ಮೊದಲ ಪ್ರತಿ ಕೊಟ್ಟದ್ದು ಪಕ್ಕದ ಮನೆಯ ಅಜ್ಜನಿಗೆ. ಅವರು ಕನ್ನಡಕ ಹಾಕಿಕೊಂಡು, ಜಗುಲಿಯ ದೀಪದ ಕೆಳಗೆ, ಬೆರಳಿಟ್ಟು ಸಾಲು ಸಾಲು ಓದಿದರು. ಒಂದು ಕಡೆ ಬೆರಳು ನಿಂತಿತು. "ನಲವತ್ತು ದಿನ ಅಂತ ಬರೆದಿದ್ದೀಯ. ಆ ವರ್ಷ ಮೋಡ ಇತ್ತು. ಐವತ್ತರ ಮೇಲೆ ಅಂಗಳದಲ್ಲೇ ಇತ್ತು" ಅಂದರು. ಪೆನ್ನು ಕೇಳಿ ತೆಗೆದುಕೊಂಡು ಅವರೇ ತಿದ್ದಿದರು. ವಿಭಾಗಕ್ಕೆ ಕೊಟ್ಟ ಪ್ರತಿಯಲ್ಲೂ ಆ ಸಂಖ್ಯೆಯನ್ನು ನಾನು ಬದಲಾಯಿಸಿದೆ.